ನಿವೇಶನದ ದಿಕ್ಕು ಮತ್ತು ಮನೆಯ ಶಾಖ: ಬಡಾವಣೆ ಯೋಜನೆಯ ಒಂದು ವಿಮರ್ಶೆ

೧

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯಕ್ಕೆ ಅನತಿದೂರದಲ್ಲಿರುವ ಬಸ್ತಿಹಳ್ಳಿಯನ್ನು ವಿದ್ವಾಂಸರು ಅಲ್ಲಿಯ ಮೂರು ಜಿನಾಲಯಗಳ ಮೂಲಕ ಬಲ್ಲರು. ಅವುಗಳಲ್ಲಿ ಪಾರ್ಶ್ವನಾಥ ಬಸದಿಯನ್ನು ವಿಷ್ಣುವರ್ಧನನ ದಂಡನಾಯಕ ಗಂಗರಾಜನ ಮಗನಾದ ಬೊಪ್ಪನು ೧೧೩೩ರಲ್ಲಿ ಕಟ್ಟಿಸಿದನು. ಆದರೆ ಈ ಲೇಖನದಲ್ಲಿ ನಾವು ಪರಿಶೀಲಿಸಬಯಸುವುದು ಬಸದಿಗಳನ್ನಲ್ಲ. ಬಸದಿಗಳಿಂದಾಚೆಗೆ ಹರಡಿಕೊಂಡಿರುವ ಹೊಲಗಳನ್ನು. ೨೦೨೩ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ಹೊಯ್ಸಳ ದೇವಾಲಯಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಇಂಥ ಗೌರವ ಬಂದ ಊರಿನಲ್ಲಿ ನೆಲದ ಬೇಡಿಕೆ ಏರುವುದೂ, ಇಂದಿನ ಹೊಲ ನಾಳೆ ಬಡಾವಣೆಯಾಗುವುದೂ ನಿರೀಕ್ಷಿತವೇ ಆಗಿದೆ.

೧೯೫೮ರ ಪ್ರಾಚೀನ ಸ್ಮಾರಕಗಳ ಅಧಿನಿಯಮಕ್ಕೆ ೨೦೧೦ರಲ್ಲಿ ಆದ ತಿದ್ದುಪಡಿಯ ಪ್ರಕಾರ ಸಂರಕ್ಷಿತ ಸ್ಮಾರಕದ ಸುತ್ತ ೧೦೦ ಮೀಟರು ನಿಷೇಧಿತ ಪ್ರದೇಶ. ಅದರಾಚೆಗೆ ಮತ್ತೆ ೨೦೦ ಮೀಟರು ನಿಯಂತ್ರಿತ ಪ್ರದೇಶ. ಹೀಗೆ ೩೦೦ ಮೀಟರುಗಳವರೆಗೆ ಕಲ್ಲಿನ ಕಟ್ಟಡದ ರಕ್ಷಣೆಗೆ ಕಾನೂನುಂಟು. ಅದರಿಂದ ಮುಂದೆ, ಮನುಷ್ಯರು ಎರಡು ಮೂರು ತಲೆಮಾರು ಬಾಳಬೇಕಾದ ಮನೆಗಳಿಗೆ ಬಿಸಿಲು, ಗಾಳಿ, ನೀರುಗಳು ಹೇಗೆ ಒದಗಬೇಕೆಂಬುದನ್ನು ಕುರಿತು ನಮ್ಮ ಯೋಜನಾಪದ್ಧತಿ ಏನು ಹೇಳುತ್ತದೆ? ಬಹುಮಟ್ಟಿಗೆ ಏನನ್ನೂ ಹೇಳುವುದಿಲ್ಲವೆಂಬುದೇ ನಮಗೆ ದೊರೆತ ಉತ್ತರ. ಮನೆಯೊಂದು ತನ್ನ ಆಯುಷ್ಯದಲ್ಲಿ ವ್ಯಯಿಸುವ ವಿದ್ಯುತ್ತಿನ ಒಂದು ಮುಖ್ಯ ಭಾಗ ಮನೆ ಕಟ್ಟುವಾಗಲ್ಲ, ಬಡಾವಣೆಯ ನಕ್ಷೆಯಲ್ಲಿ ರಸ್ತೆಯ ಗೆರೆ ಎಳೆಯುವಾಗಲೇ ನಿರ್ಧಾರವಾಗಿಬಿಡುತ್ತದೆ. ಆದರೆ ನಮ್ಮ ನಿಯಮಗಳೆಲ್ಲವೂ ಮನೆಯ ಬಾಗಿಲಿನಿಂದ ಆರಂಭವಾಗುತ್ತವೆ. ಈ ವೈಪರೀತ್ಯವನ್ನು ತೋರಿಸುವುದೇ ಪ್ರಸ್ತುತ ವಿಮರ್ಶೆಯ ಉದ್ದೇಶ.

೨

ಮೊದಲು ಸ್ಥಳದ ಗುಣವನ್ನು ನೋಡೋಣ. ಹಳೇಬೀಡು ಸುಮಾರು ೧೩.೨ ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಸಮುದ್ರಮಟ್ಟದಿಂದ ಸುಮಾರು ೯೦೦ ಮೀಟರು ಎತ್ತರದಲ್ಲಿದೆ. ಪಶ್ಚಿಮಕ್ಕೆ ಸಕಲೇಶಪುರದ ಮಲೆನಾಡು, ಪೂರ್ವಕ್ಕೆ ಅರಸೀಕೆರೆಯ ತೆಂಗು ರಾಗಿಗಳ ಬಯಲುಸೀಮೆ. ಒಂದು ಜಿಲ್ಲೆಯೊಳಗೇ ಮಳೆ ಪಶ್ಚಿಮದಿಂದ ಪೂರ್ವಕ್ಕೆ ಥಟ್ಟನೆ ಇಳಿಯುತ್ತದೆ. ಬಸ್ತಿಹಳ್ಳಿ ಈ ಎರಡರ ನಡುವಣ ಅರೆಮಲೆನಾಡಿನ ಅಂಚು. ಚಳಿಗಾಲದ ಮುಂಜಾವು ಥಂಡಿಯಾಗಿರುತ್ತದೆ. ಮಾರ್ಚಿ ಏಪ್ರಿಲುಗಳ ಅಪರಾಹ್ನ ಸುಡುತ್ತದೆ. ಜೂನಿನಿಂದ ಪಶ್ಚಿಮ ನೈರುತ್ಯಗಳ ಗಾಳಿಮಳೆ ಗೋಡೆಗೆ ಅಪ್ಪಳಿಸುತ್ತದೆ.

ಈ ಅಕ್ಷಾಂಶದಲ್ಲಿ ಸೂರ್ಯನು ಏಪ್ರಿಲ್ ೨೫ರ ಸುಮಾರಿಗೆ ಮತ್ತು ಆಗಸ್ಟ್ ೧೭ರ ಸುಮಾರಿಗೆ ನಡುಹಗಲಿನಲ್ಲಿ ನೆತ್ತಿಯ ಮೇಲಿರುತ್ತಾನೆ. ಈ ಎರಡು ದಿನಗಳ ನಡುವೆ ಮಧ್ಯಾಹ್ನದ ಸೂರ್ಯನಿರುವುದು ಉತ್ತರಕ್ಕೆ. ಉಳಿದ ಎಂಟು ತಿಂಗಳು ದಕ್ಷಿಣಕ್ಕೆ. ಡಿಸೆಂಬರಿನ ಅತ್ಯಂತ ಚಿಕ್ಕ ಹಗಲಿನಂದು ಅವನು ಮಧ್ಯಾಹ್ನ ದಕ್ಷಿಣದಲ್ಲಿ ೫೩ ಡಿಗ್ರಿ ಎತ್ತರದಲ್ಲಿರುತ್ತಾನೆ. ಇದರಿಂದ ಗೋಡೆಗಳಿಗೆ ಆಗುವ ಪರಿಣಾಮವನ್ನು ಸಾಧಾರಣ ಗಣಿತದಿಂದ ಕಂಡುಕೊಳ್ಳಬಹುದು. ಗೋಡೆಯಿಂದ ಹೊರಗೆ ೬೦ ಸೆಂಟಿಮೀಟರು, ಎಂದರೆ ಎರಡಡಿ, ಚಾಚಿದ ಸೂರನ್ನು ಭಾವಿಸಿಕೊಳ್ಳೋಣ. ಬೇಸಿಗೆ ಕಾಲಿಡುವ ಮಾರ್ಚ್ ೨೧ರ ಸುಮಾರಿಗೆ ಆ ಸೂರು ದಕ್ಷಿಣದ ಗೋಡೆಯ ಮೇಲೆ ಎರಡೂವರೆ ಮೀಟರಿನಷ್ಟು ನೆರಳನ್ನು ದಿನವಿಡೀ ಚೆಲ್ಲುತ್ತದೆ. ಗೋಡೆ ಬಹುತೇಕ ಪೂರ್ತಿ ನೆರಳಿನಲ್ಲಿರುತ್ತದೆ. ಚಳಿಯ ಡಿಸೆಂಬರಿನ ಮಧ್ಯಾಹ್ನ ಅದೇ ಸೂರಿನ ನೆರಳು ೮೦ ಸೆಂಟಿಮೀಟರಿಗೆ ಕುಗ್ಗಿ, ಹಿತವಾದ ಬಿಸಿಲು ಕಿಟಕಿಯೊಳಗೆ ಬರುತ್ತದೆ. ಬೇಡವಾದಾಗ ತಡೆದು ಬೇಕಾದಾಗ ಬಿಡುವ ಇಂಥ ಉಪಕರಣಕ್ಕೆ ವಿದ್ಯುತ್ತೂ ಬೇಡ, ದುರಸ್ತಿಯೂ ಬೇಡ.

ಅದೇ ಎರಡಡಿಯ ಸೂರನ್ನು ಪಶ್ಚಿಮದ ಗೋಡೆಗೆ ಇಟ್ಟರೆ ಏನಾಗುತ್ತದೆ? ಏಪ್ರಿಲ್ ಕೊನೆಯಲ್ಲಿ ಸಂಜೆ ನಾಲ್ಕೂವರೆಯ ಹೊತ್ತಿಗೆ ಸೂರ್ಯನು ೩೨ ಡಿಗ್ರಿಗೆ ಇಳಿದು ಗೋಡೆಗೆ ನೇರ ಎದುರಾಗಿರುತ್ತಾನೆ. ಸೂರಿನ ನೆರಳು ೩೭ ಸೆಂಟಿಮೀಟರನ್ನು ದಾಟುವುದಿಲ್ಲ. ಹಗಲೆಲ್ಲ ಕಾದ ಗಾಳಿಯ ಜೊತೆಗೆ ಈ ಬಿಸಿಲೂ ಸೇರಿ, ಗೋಡೆ ಕುಡಿದ ಶಾಖ ರಾತ್ರಿ ಮಲಗುವ ಹೊತ್ತಿಗೆ ಒಳಗೆ ಬಿಡುಗಡೆಯಾಗುತ್ತದೆ. ಹೊರಗೆ ತಂಗಾಳಿಯಿದ್ದರೂ ಒಳಗೆ ಬೀಸಣಿಗೆ ತಿರುಗುತ್ತಲೇ ಇರಬೇಕಾಗುತ್ತದೆ. ಮಳೆಗಾಲದಲ್ಲಿ ಹೊಡೆತ ತಿನ್ನುವುದೂ ಇದೇ ಗೋಡೆಯೇ. ಆದಕಾರಣ ಈ ಸೀಮೆಯಲ್ಲಿ ಬಯಲಿಗೆ ತೆರೆದ ಗೋಡೆಗಳು ಉತ್ತರ ದಕ್ಷಿಣಗಳಿಗೆ ಇರುವುದು ಒಳ್ಳೆಯದು, ಪಶ್ಚಿಮಕ್ಕೆ ಇರುವುದು ಕೆಟ್ಟದ್ದು ಎಂಬುದು ಅಭಿಪ್ರಾಯವಲ್ಲ, ಖಗೋಳದ ಸ್ಥಿತಿ.

೩

ಇದನ್ನು ಬಡಾವಣೆಗೆ ಅನ್ವಯಿಸಿ ನೋಡಬೇಕು. ನಮ್ಮಲ್ಲಿ ಸಾಮಾನ್ಯ ನಿವೇಶನವೆಂದರೆ ಮೂವತ್ತು ನಲವತ್ತು: ರಸ್ತೆಯ ಕಡೆಗೆ ೩೦ ಅಡಿ, ಹಿಂದಕ್ಕೆ ೪೦ ಅಡಿ. ಪಕ್ಕದ ಮನೆಗಳ ನಡುವೆ ಬಿಡುವ ಜಾಗ ಕೆಲವೇ ಅಡಿಗಳಾದ್ದರಿಂದ ಉದ್ದನೆಯ ಪಕ್ಕದ ಗೋಡೆಗಳು ಒಂದಕ್ಕೊಂದು ನೆರಳಾಗುತ್ತವೆ. ನಿಜವಾಗಿ ಬಿಸಿಲಿಗೆ ತೆರೆದುಕೊಳ್ಳುವುದು ರಸ್ತೆಯ ಕಡೆಯ ಮುಖ. ಹಿಂದಿನ ನಿವೇಶನದಲ್ಲಿ ಮನೆ ಏಳುವವರೆಗೆ ಬೆನ್ನು ಕೂಡ. ಸಣ್ಣ ಊರುಗಳಲ್ಲಿ ಹಿಂದಿನ ನಿವೇಶನ ಎಷ್ಟೋ ವರ್ಷ ಖಾಲಿಯಿರುವುದು ಅಪರೂಪವಲ್ಲ. ಹೀಗಿರುವಾಗ ರಸ್ತೆ ಪೂರ್ವಪಶ್ಚಿಮವಾಗಿ ಓಡಿದರೆ ಇಬ್ಬದಿಯ ಮನೆಗಳ ಮುಖ ಬೆನ್ನುಗಳು ಉತ್ತರ ದಕ್ಷಿಣಗಳಿಗೆ ಬರುತ್ತವೆ. ಸಂಜೆಯ ಪಶ್ಚಿಮದ ಗಾಳಿಯೂ ಬೀದಿಯುದ್ದಕ್ಕೂ ಹರಿಯುತ್ತದೆ. ರಸ್ತೆ ಉತ್ತರದಕ್ಷಿಣವಾಗಿ ಓಡಿದರೆ ಒಂದು ಸಾಲಿನ ಮುಖ ಪೂರ್ವಕ್ಕೆ, ಎದುರುಸಾಲಿನ ಮುಖ ಪಶ್ಚಿಮಕ್ಕೆ. ಎಂದರೆ ಮನೆಯ ಯಜಮಾನನು ಗೋಡೆಗೆ ಎಂಥ ಇಟ್ಟಿಗೆ ಬಳಸಬೇಕೆಂದು ಯೋಚಿಸುವ ಮೊದಲೇ, ಅವನ ಮನೆಯ ಅರ್ಧ ಹಣೆಬರಹ ನಕ್ಷೆಯಲ್ಲಿ ಬರೆದಾಗಿರುತ್ತದೆ.

ಮಾರುಕಟ್ಟೆ ಇದಕ್ಕೆ ತೀರ ವಿರುದ್ಧವಾಗಿ ನಡೆಯುತ್ತಿದೆ. ಪೂರ್ವಮುಖದ ನಿವೇಶನಕ್ಕೆ ಹೆಚ್ಚು ಬೆಲೆ, ಉತ್ತರಮುಖಕ್ಕೂ ಆದರ, ದಕ್ಷಿಣಮುಖಕ್ಕೆ ಹಿಂಜರಿಕೆ. ಬಡಾವಣೆ ಮಾಡುವವರು ದಕ್ಷಿಣಮುಖದ ನಿವೇಶನಗಳನ್ನು ಆದಷ್ಟು ಕಡಿಮೆ ಮಾಡಲು ಉತ್ತರದಕ್ಷಿಣದ ರಸ್ತೆಗಳನ್ನೇ ಹೆಚ್ಚಾಗಿ ಎಳೆಯುತ್ತಾರೆ. ಇಲ್ಲಿ ಎರಡು ಅಂಶಗಳು ಗಮನಾರ್ಹ. ಮೊದಲನೆಯದಾಗಿ, ಪೂರ್ವಮುಖದ ಪ್ರತಿಯೊಂದು ನಿವೇಶನಕ್ಕೂ ರಸ್ತೆಯಾಚೆ ಪಶ್ಚಿಮಮುಖದ ಒಂದು ನಿವೇಶನ ಹುಟ್ಟುತ್ತದೆ. ಪೂರ್ವಮುಖದ ಮನೆಗಾದರೂ ಬೆನ್ನು ಪಶ್ಚಿಮಕ್ಕೇ. ಎರಡನೆಯದಾಗಿ, ಶಾಖದ ದೃಷ್ಟಿಯಿಂದ ಉತ್ತರಮುಖದ ನಿವೇಶನಕ್ಕೂ ದಕ್ಷಿಣಮುಖದ ನಿವೇಶನಕ್ಕೂ ಹೇಳತಕ್ಕ ಭೇದವಿಲ್ಲ. ಎರಡಕ್ಕೂ ಒಂದು ಉತ್ತರದ ಗೋಡೆ, ಒಂದು ದಕ್ಷಿಣದ ಗೋಡೆ. ಯಾವುದು ಮುಂದೆ, ಯಾವುದು ಹಿಂದೆ ಎಂಬುದಷ್ಟೇ ವ್ಯತ್ಯಾಸ. ಒಂದನ್ನು ಮೆಚ್ಚಿ ಮತ್ತೊಂದನ್ನು ತಳ್ಳುವ ಬೆಲೆಪಟ್ಟಿಗೆ ಹವೆಯ ಆಧಾರ ಕಿಂಚಿತ್ತೂ ಇಲ್ಲ.

ಶಾಸ್ತ್ರದ ಆಧಾರವಾದರೂ ಉಂಟೆ? ವಾಸ್ತುವಿನ ಹೆಸರಿನಲ್ಲಿ ಆಡುವ ಮಾತುಗಳನ್ನು ಮೂಲಗ್ರಂಥಗಳೊಡನೆ ಹೋಲಿಸುವುದು ವಿಮರ್ಶಕನ ಕರ್ತವ್ಯ. ವರಾಹಮಿಹಿರನ ಬೃಹತ್ಸಂಹಿತೆಯ ವಾಸ್ತುವಿದ್ಯಾಧ್ಯಾಯ ಮನೆಯ ನಾಲ್ಕು ಪಾರ್ಶ್ವಗಳಲ್ಲಿ ಎಂಟೆಂಟರಂತೆ ೩೨ ದ್ವಾರಸ್ಥಾನಗಳನ್ನು ಎಣಿಸಿ ಪ್ರತಿಯೊಂದಕ್ಕೂ ಬೇರೆ ಬೇರೆ ಫಲವನ್ನು ಹೇಳುತ್ತದೆ. ಪೂರ್ವದಲ್ಲಿಯೂ ಅಶುಭಸ್ಥಾನಗಳಿವೆ, ದಕ್ಷಿಣದಲ್ಲಿಯೂ ಶುಭಸ್ಥಾನವುಂಟು. ಸರ್ವತೋಭದ್ರವೆಂಬ ಮನೆಗೆ ನಾಲ್ಕು ದಿಕ್ಕುಗಳಿಗೂ ಬಾಗಿಲು. ಒಂದು ದಿಕ್ಕನ್ನು ಇಡಿಯಾಗಿ ಒಳ್ಳೆಯದೆಂದೂ ಮತ್ತೊಂದನ್ನು ಇಡಿಯಾಗಿ ಕೆಟ್ಟದ್ದೆಂದೂ ಕರೆಯುವ ಇಂದಿನ ಸಂಕ್ಷೇಪ ಅಲ್ಲಿಲ್ಲ. ಆ ಫಲಗಳನ್ನು ನಾವು ನಂಬಬೇಕೆಂದು ಇದರ ಅರ್ಥವಲ್ಲ. ನಂಬುವವರೂ ಮಾರುಕಟ್ಟೆಯ ಮಾತನ್ನು ಶಾಸ್ತ್ರವೆಂದು ಭ್ರಮಿಸಬಾರದೆಂಬುದಿಷ್ಟೇ ನಮ್ಮ ಅಭಿಪ್ರಾಯ.

ಇನ್ನೊಂದು ಸಂಗತಿ ಹೆಚ್ಚು ಬೋಧಪ್ರದವಾಗಿದೆ. ಬೃಹತ್ಸಂಹಿತೆಯಲ್ಲಿ ವಾಸ್ತುವಿದ್ಯೆಯ ಬೆನ್ನಿಗೇ ಬರುವುದು ನೆಲದೊಳಗಿನ ನೀರನ್ನು ಹುಡುಕುವ ಅಧ್ಯಾಯ. ಕನ್ನಡದಲ್ಲಿ ಸುಮಾರು ೧೦೨೫ರಲ್ಲಿ ಚಾವುಂಡರಾಯನು (ಶ್ರವಣಬೆಳಗೊಳದ ಗೊಮ್ಮಟನನ್ನು ಮಾಡಿಸಿದವನು ಬೇರೆ, ಈತನು ಬೇರೆ) ಬರೆದ ಲೋಕೋಪಕಾರದಲ್ಲಿ ಗೃಹವಾಸ್ತು, ಜಲಶೋಧನೆ, ವೃಕ್ಷಾಯುರ್ವೇದಗಳು ಒಂದೇ ಹೊದಿಕೆಯೊಳಗೆ ಬಂದಿವೆ. ಮನೆ, ನೀರು, ಮರ ಎಂಬ ಮೂರನ್ನೂ ಒಟ್ಟಾಗಿ ಯೋಚಿಸಬೇಕೆಂಬ ವಿವೇಕ ಆ ಗ್ರಂಥಕರ್ತರಿಗಿತ್ತು. ನಾವು ಅವರಿಂದ ಫಲಾಫಲಗಳನ್ನು ಉಳಿಸಿಕೊಂಡು ವಿವೇಕವನ್ನು ಬಿಟ್ಟುಕೊಟ್ಟೆವು.

೪

ಇನ್ನು ಆಧುನಿಕ ನಿಯಮಗಳನ್ನು ಪರಿಶೀಲಿಸೋಣ. ಕೃಷಿಭೂಮಿ ಬಡಾವಣೆಯಾಗಬೇಕಾದರೆ ೧೯೬೪ರ ಭೂಕಂದಾಯ ಅಧಿನಿಯಮದ ೯೫ನೆಯ ಪ್ರಕರಣದಂತೆ ಭೂಪರಿವರ್ತನೆಯಾಗಬೇಕು. ೧೯೬೧ರ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮದ ೧೭ನೆಯ ಪ್ರಕರಣದಂತೆ ವಿನ್ಯಾಸಕ್ಕೆ ಮಂಜೂರಾತಿ ದೊರೆಯಬೇಕು. ಮಂಜೂರಾತಿಯ ಕಾಲದಲ್ಲಿ ರಸ್ತೆಯ ಅಗಲ, ಉದ್ಯಾನದ ಪಾಲು, ನಾಗರಿಕ ಸೌಕರ್ಯದ ಜಾಗ ಮೊದಲಾದವನ್ನು ಅಳೆಯುತ್ತಾರೆ. ಇವೆಲ್ಲ ಪ್ರಮಾಣದ ಲೆಕ್ಕಗಳು. ರಸ್ತೆ ಯಾವ ದಿಕ್ಕಿಗೆ ಓಡುತ್ತದೆ, ಯಾವ ಮನೆಯ ನೆರಳು ಯಾವ ಮನೆಯ ಮೇಲೆ ಬೀಳುತ್ತದೆ ಎಂಬ ಪ್ರಶ್ನೆ ಸಾಮಾನ್ಯವಾಗಿ ಏಳುವುದೇ ಇಲ್ಲ.

ಮನೆಯ ಮಟ್ಟದಲ್ಲಿ ನಿಯಮಗಳು ಬಂದಿವೆ. ೨೦೧೮ರ ಡಿಸೆಂಬರಿನಲ್ಲಿ ಕೇಂದ್ರ ಇಂಧನ ಮಂತ್ರಾಲಯವು ಪ್ರಕಟಿಸಿದ ಇಕೋ ನಿವಾಸ್ ಸಂಹಿತೆಯ ಮೊದಲ ಭಾಗ ಅವುಗಳಲ್ಲಿ ಮುಖ್ಯವಾದುದು. ಗೋಡೆ ಕಿಟಕಿಗಳ ಮೂಲಕ ಒಳಬರುವ ಶಾಖ ಚದರ ಮೀಟರಿಗೆ ಸರಾಸರಿ ೧೫ ವ್ಯಾಟಿಗೆ ಮೀರಬಾರದು. ಚಾವಣಿಯ ಶಾಖವಾಹಕತೆ ೧.೨ರ ಒಳಗಿರಬೇಕು, ಸಮಶೀತೋಷ್ಣ ವಲಯದಲ್ಲಿ ತೆರೆಯಬಲ್ಲ ಕಿಟಕಿಯ ವಿಸ್ತಾರ ನೆಲದ ವಿಸ್ತಾರದ ಶೇಕಡ ೧೨.೫ಕ್ಕೆ ಕಡಿಮೆಯಿರಬಾರದು ಎಂದು ಅದು ವಿಧಿಸಿತು. ಬರಿಯ ಕಾಂಕ್ರೀಟು ತಾರಸಿ ಆ ಮಿತಿಯ ಎರಡು ಪಟ್ಟಿಗೂ ಹೆಚ್ಚು ಶಾಖವನ್ನು ಒಳಗೆ ಬಿಡುವುದರಿಂದ ಈ ವಿಧಿಗಳು ಸ್ವಾಗತಾರ್ಹವೇ. ಸಂಹಿತೆಯ ಗಣಿತದಲ್ಲಿ ಗೋಡೆಯ ದಿಕ್ಕಿಗೂ ಸ್ಥಾನವಿದೆಯೆಂಬುದನ್ನು ಒಪ್ಪಲೇಬೇಕು.

ಆದರೆ ಅದು ಯಾರಿಗೆ ಅನ್ವಯಿಸುತ್ತದೆ? ೫೦೦ ಚದರ ಮೀಟರು ಅಥವಾ ಅದಕ್ಕೂ ದೊಡ್ಡ ನಿವೇಶನಗಳಲ್ಲಿ ಏಳುವ ವಾಸದ ಕಟ್ಟಡಗಳಿಗೆ. ಮೂವತ್ತು ನಲವತ್ತರ ನಿವೇಶನವೆಂದರೆ ೧೧೧ ಚದರ ಮೀಟರು. ಹೀಗಾಗಿ ಹಳೇಬೀಡಿನಂಥ ಊರಿನಲ್ಲಿ ಶಿಕ್ಷಕನೋ ವ್ಯಾಪಾರಿಯೋ ರೈತನ ಮಗನೋ ಕಟ್ಟುವ ಮನೆ ಈ ಸಂಹಿತೆಯ ಕಣ್ಣಿಗೆ ಬೀಳುವುದಿಲ್ಲ. ೨೦೨೨ರ ಇಂಧನ ಸಂರಕ್ಷಣಾ ತಿದ್ದುಪಡಿಯೂ ೧೦೦ ಕಿಲೋವ್ಯಾಟ್ ಹೊರೆಯ ಕಟ್ಟಡಗಳನ್ನು ಕುರಿತದ್ದು. ಚಿಕ್ಕ ಮನೆಗಳನ್ನು ಒಂದೊಂದಾಗಿ ತಪಾಸಣೆ ಮಾಡುವುದು ಕಷ್ಟವೆಂಬ ಸಮಾಧಾನವನ್ನು ನಾವು ಅರಿಯದವರಲ್ಲ. ಆದರೆ ಚಿಕ್ಕ ನಿವೇಶನಗಳ ಹಿತವನ್ನು ಒಂದೇ ಸಲಕ್ಕೆ ಕಾಯಬಹುದಾದ ಜಾಗ ಬಡಾವಣೆಯ ನಕ್ಷೆಯಲ್ಲದೆ ಬೇರೆ ಯಾವುದು? ನೂರು ಮನೆಗಳ ತಪಾಸಣೆಯ ಬದಲು ಒಂದು ನಕ್ಷೆಯ ತಪಾಸಣೆ ಸಾಕಾಗುತ್ತದೆ.

ಈ ವಿಚಾರ ನಮ್ಮ ನಾಡಿಗೆ ಹೊಸದೂ ಅಲ್ಲ. ೧೮೯೮ರ ಪ್ಲೇಗಿನ ಅನಂತರ ಬೆಂಗಳೂರಿನಲ್ಲಿ ಬಸವನಗುಡಿ, ಮಲ್ಲೇಶ್ವರಗಳನ್ನು ರೂಪಿಸಿದಾಗ ಅಗಲವಾದ ಬೀದಿ, ಮನೆಗಳ ಹಿಂದೆ ಓಣಿ, ಗಾಳಿಗೆ ಅವಕಾಶ ಇವು ನಕ್ಷೆಯಲ್ಲಿಯೇ ಮೂಡಿದ್ದವು. ರೋಗ ಕಲಿಸಿದ ಪಾಠ ಅದು. ೧೯೩೯ರಿಂದ ಕೆಲವು ಕಾಲ ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾಗಿದ್ದ ಆಟೊ ಕೋನಿಗ್ಸ್‌ಬರ್ಗರ್ ಮುಂದೆ ಉಷ್ಣವಲಯದ ಗೃಹನಿರ್ಮಾಣವನ್ನು ಕುರಿತು ೧೯೭೪ರಲ್ಲಿ ಸಹಲೇಖಕರೊಡನೆ ಪ್ರಕಟಿಸಿದ ಕೈಪಿಡಿ ಲೋಕಪ್ರಸಿದ್ಧವಾಯಿತು. ಅವರೂ ಕಾರ್ಲ್ ಮಹೋನಿಯವರೂ ಬಳಕೆಗೆ ತಂದ ಕೋಷ್ಟಕಗಳಲ್ಲಿ ಹವೆಯ ಅಂಕಿಗಳಿಂದ ಹೊರಡುವ ಮೊಟ್ಟಮೊದಲ ಸೂಚನೆ ಗೋಡೆಯನ್ನೋ ಚಾವಣಿಯನ್ನೋ ಕುರಿತದ್ದಲ್ಲ. ಕಟ್ಟಡಗಳ ವಿನ್ಯಾಸ ಮತ್ತು ದಿಕ್ಕನ್ನು ಕುರಿತದ್ದು. ಈ ಕ್ರಮವನ್ನು ನಾವು ತಲೆಕೆಳಗು ಮಾಡಿದ್ದೇವೆ.

೫

ಬೀಸಣಿಗೆಯ ವಿದ್ಯುತ್ತಿಗಿಂತ ನೀರಿನ ವಿದ್ಯುತ್ತು ಇಲ್ಲಿ ಕಡಿಮೆಯದಲ್ಲ. ೧೦೦ ಲೀಟರು ನೀರನ್ನು ೨೫ ಡಿಗ್ರಿಯಷ್ಟು ಕಾಯಿಸಲು ಸುಮಾರು ೨.೯ ಯೂನಿಟ್ಟು ಬೇಕು. ಅರಸೀಕೆರೆಯ ಸೀಮೆಯಲ್ಲಿ ಹಿಂದೆ ಈ ಕೆಲಸವನ್ನು ತೆಂಗಿನ ಗರಿ ಮಟ್ಟೆಗಳಿಂದ ಉರಿಯುವ ಬಚ್ಚಲ ಹಂಡೆ ಮಾಡುತ್ತಿತ್ತು. ಹೊಸ ಬಡಾವಣೆಯಲ್ಲಿ ಹಂಡೆಗೆ ಜಾಗವಿಲ್ಲ. ಕರ್ನಾಟಕದಲ್ಲಿ ೨೦೦೭ರಿಂದ ಹೊಸ ಮನೆಗಳಿಗೆ ಸೌರಶಕ್ತಿಯಿಂದ ನೀರು ಕಾಯಿಸುವ ಸಾಧನವನ್ನು ಕಡ್ಡಾಯಗೊಳಿಸುವ ನಿಯಮಗಳು ಬಂದವು. ೨೦೨೪ರಲ್ಲಿ ಆರಂಭವಾದ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆ ತಾರಸಿಯ ವಿದ್ಯುತ್ ಫಲಕಗಳಿಗೆ ೭೮,೦೦೦ ರೂಪಾಯಿಗಳವರೆಗೆ ಸಹಾಯಧನ ಗೊತ್ತುಮಾಡಿತು. ಆದರೆ ತಾರಸಿಗೆ ಬಿಸಿಲು ಬೀಳುವುದೆಂಬ ಭರವಸೆಯನ್ನು ಕೊಟ್ಟವರು ಯಾರು? ಸಾಧನಕ್ಕಿಂತ ೩ ಮೀಟರು ಎತ್ತರಕ್ಕೆ ದಕ್ಷಿಣದ ನೆರೆಮನೆ ಏರಿದರೆ, ಡಿಸೆಂಬರಿನ ಮಧ್ಯಾಹ್ನ ಅದರ ನೆರಳು ಉತ್ತರಕ್ಕೆ ಎರಡೂಕಾಲು ಮೀಟರು ಚಾಚುತ್ತದೆ; ಬೆಳಗಿನ ಒಂಬತ್ತೂವರೆಯ ಸುಮಾರಿಗೆ ವಾಯವ್ಯಕ್ಕೆ ನಾಲ್ಕೂವರೆ ಮೀಟರಿಗೂ ಹೆಚ್ಚು. ನೀರು ಬಿಸಿಯಾಗಲೇಬೇಕಾದ ತಿಂಗಳಿನಲ್ಲಿಯೇ ಸಾಧನ ನೆರಳಿಗೆ ಬೀಳುತ್ತದೆ. ಎತ್ತರದ ಮಿತಿಯನ್ನೂ ಹಿಂಬದಿಯ ಅಂತರವನ್ನೂ ನಕ್ಷೆಯಲ್ಲಿಯೇ ಗೊತ್ತುಪಡಿಸದೆ ಸಾಧನವನ್ನು ಮಾತ್ರ ಕಡ್ಡಾಯ ಮಾಡುವುದು ಅರ್ಧ ಕೆಲಸ.

ಕುಡಿಯುವ ನೀರಿನ ಲೆಕ್ಕವೂ ಹಾಗೆಯೇ. ತಲೆಗೆ ದಿನಕ್ಕೆ ೧೩೫ ಲೀಟರಿನಂತೆ ಐವರ ಸಂಸಾರಕ್ಕೆ ೬೭೫ ಲೀಟರು. ಅದನ್ನು ೧೦೦ ಮೀಟರು ಆಳದಿಂದ ಎತ್ತಲು, ಪಂಪು ಮೋಟಾರುಗಳಲ್ಲಿ ಅರ್ಧ ಶಕ್ತಿ ನಷ್ಟವಾಗುವುದೆಂದು ಹಿಡಿದರೆ, ತಿಂಗಳಿಗೆ ೧೧ ಯೂನಿಟ್ಟು ಬೇಕು. ಕೊಳವೆಬಾವಿ ಆಳವಾದಂತೆ ಅದು ಏರುತ್ತದೆ. ಇತ್ತ ೧೦೦ ಚದರ ಮೀಟರಿನ ತಾರಸಿಯ ಮೇಲೆ ೧ ಮಿಲಿಮೀಟರು ಮಳೆ ಬಿದ್ದರೆ ೧೦೦ ಲೀಟರು. ವರ್ಷಕ್ಕೆ ೭೦೦ ಮಿಲಿಮೀಟರಾದರೆ ೭೦,೦೦೦ ಲೀಟರು. ಅಷ್ಟೂ ನಮ್ಮ ಕೈಗೆ ಸಿಗಲಾರದು. ಆದರೂ ಆ ನೀರು ಹಳ್ಳ ಕಾಲುವೆಗಳ ದಾರಿಯಲ್ಲಿ ಕೆರೆ ಸೇರಿ ನೆಲಕ್ಕೆ ಇಂಗುವುದೋ ಬೀದಿಯಲ್ಲಿ ನಿಲ್ಲುವುದೋ ಎಂಬುದು ನಕ್ಷೆಯ ಪ್ರಶ್ನೆ. ೨೦೨೨ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಪೂರ್ವಭಾಗದ ಬಡಾವಣೆಗಳು ಮುಳುಗಿದ್ದನ್ನು ಕಂಡ ಮೇಲೆ ಇದಕ್ಕೆ ಹೆಚ್ಚಿನ ವ್ಯಾಖ್ಯಾನ ಬೇಕಿಲ್ಲ. ಹೊಯ್ಸಳರ ರಾಜಧಾನಿ ದೋರಸಮುದ್ರವು ತನ್ನ ಕೆರೆಯ ಹೆಸರನ್ನೇ ಹೊತ್ತಿತ್ತು. ಆ ಕೆರೆಗೆ ನೀರು ಹರಿದುಬರುವ ಹೊಲಗಳನ್ನು ನಿವೇಶನ ಮಾಡುವವರು ಆ ಹೆಸರನ್ನಾದರೂ ನೆನೆಯಬೇಕು. ಹೊಸ ಮನೆಗಳ ಮುಂದೆ ಹೊಯ್ಸಳ ಕಂಬದ ಅಚ್ಚುಗಳನ್ನು ನಿಲ್ಲಿಸುವುದಕ್ಕಿಂತ ಒಂದು ಹಳ್ಳವನ್ನು ಮುಚ್ಚದೆ ಬಿಡುವುದು ಪರಂಪರೆಗೆ ಸಲ್ಲುವ ಹೆಚ್ಚಿನ ಗೌರವ.

೬

ನಮ್ಮ ವಾದಕ್ಕೆ ಬರಬಹುದಾದ ಆಕ್ಷೇಪಗಳನ್ನು ನೋಡೋಣ. ಸರ್ವೆ ನಂಬರಿನ ಆಕಾರ ವಕ್ರವಾಗಿರುವಾಗ, ನೆಲದ ಇಳಿಜಾರು ಬೇರೆಯಾಗಿರುವಾಗ ಎಲ್ಲ ರಸ್ತೆಗಳನ್ನೂ ಪೂರ್ವಪಶ್ಚಿಮಕ್ಕೆ ಎಳೆಯಲಾಗದೆಂಬುದು ಮೊದಲನೆಯದು. ಇದು ನಿಜ. ಹತ್ತು ಹದಿನೈದು ಡಿಗ್ರಿ ವಾರೆಯಾದರೆ ಹೆಚ್ಚಿನ ನಷ್ಟವಿಲ್ಲ. ಇಳಿಜಾರು ಬೇರೆ ಹೇಳಿದಲ್ಲಿ ನೀರಿನ ಮಾತೇ ನಡೆಯಬೇಕು. ಪಶ್ಚಿಮಮುಖ ಅನಿವಾರ್ಯವಾದ ಬೀದಿಯಲ್ಲಿ ಮರಗಳ ಸಾಲನ್ನು ಪಶ್ಚಿಮಮುಖದ ಮನೆಗಳ ಕಡೆಗೆ ನೆಡುವುದು, ಉದ್ಯಾನದ ಪಾಲನ್ನು ಅವುಗಳ ಎದುರಿಗೆ ಇಡುವುದು ನಕ್ಷೆಗಾರನ ಕೈಯಲ್ಲಿದೆ.

ಎರಡನೆಯದು ಜನರ ನಂಬಿಕೆ. ಜೀವಮಾನದ ಉಳಿತಾಯವನ್ನು ಒಂದು ನಿವೇಶನಕ್ಕೆ ಸುರಿಯುವ ಸಂಸಾರ ನಾಳೆ ಅದನ್ನು ಮಾರಬೇಕಾಗಿ ಬಂದರೆ ಕೊಳ್ಳುವವರು ಸಿಗಲಿ ಎಂದು ಬಯಸುವುದನ್ನು ನಾವು ಹಾಸ್ಯ ಮಾಡಲಾರೆವು. ಆದರೆ ದಕ್ಷಿಣದ ಬೀದಿಗೆ ಮುಖವಾದ ಮನೆಗೂ ಜಗಲಿಯನ್ನು ಬಳಸಿ ಬಾಗಿಲನ್ನು ಪೂರ್ವಕ್ಕೆ ತಿರುಗಿಸಬಹುದು. ಪಶ್ಚಿಮದ ಬಿಸಿಲನ್ನು ತಿರುಗಿಸುವ ಉಪಾಯ ಮಾತ್ರ ಇಲ್ಲ. ಹಣ ಸಾಲದವನು ಕೊನೆಗೆ ಉಳಿದ ದಕ್ಷಿಣಮುಖದ ನಿವೇಶನವನ್ನು ಅಳುಕುತ್ತಲೇ ಕೊಂಡು, ಎರಡಡಿಯ ಸೂರು ಹಾಕಿಸಿ, ಬೇಸಿಗೆಯಲ್ಲಿ ನೆಮ್ಮದಿಯಾಗಿ ನಿದ್ರಿಸುವ ಸಾಧ್ಯತೆ ಎದುರಿಗೇ ಇದೆ. ಅದನ್ನು ಅವನಿಗೆ ಹೇಳಿದವರಿಲ್ಲ.

ಮೂರನೆಯ ಆಕ್ಷೇಪ ಹೆಚ್ಚು ಬಲವಾದುದು: ಹಾಸನ ಜಿಲ್ಲೆಯ ಹವೆ ಮೊದಲೇ ಹಿತವಾದದ್ದು, ೨೦೨೩ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆಯಿಂದ ತಿಂಗಳಿಗೆ ೨೦೦ ಯೂನಿಟ್ಟುಗಳ ಮಿತಿಯೊಳಗಿನ ಮನೆಗಳಿಗೆ ವಿದ್ಯುತ್ತಿನ ಖರ್ಚೂ ಇಲ್ಲ, ಹೀಗಿರಲು ಈ ಚಿಂತೆಯೇಕೆ? ಹವೆ ಹಿತವಾಗಿರುವುದರಿಂದಲೇ ಈ ಚಿಂತೆ ಎಂದು ನಮ್ಮ ಉತ್ತರ. ಮರುಭೂಮಿಯ ಊರಿನಲ್ಲಿ ಯಂತ್ರವಿಲ್ಲದೆ ವಿಧಿಯಿಲ್ಲದಿರಬಹುದು. ಒಂದು ಗೆರೆಯನ್ನು ಸರಿಯಾದ ದಿಕ್ಕಿಗೆ ಎಳೆದರೆ ಸಾಕಾಗುವ ಊರಿನಲ್ಲಿ ತಂಪಿನ ಯಂತ್ರದ ಅಗತ್ಯವನ್ನು ನಾವೇ ನಿರ್ಮಿಸುವುದು ಅವಿವೇಕ. ಬಿಲ್ಲು ಶೂನ್ಯವಾದ ಮಾತ್ರಕ್ಕೆ ಸೆಕೆ ಶೂನ್ಯವಾಗುವುದಿಲ್ಲ. ಬಿಲ್ಲನ್ನು ಎಲ್ಲಿಯೋ ಯಾರೋ ತೆರುತ್ತಲೂ ಇರುತ್ತಾರೆ. ಭೂಮಿಯ ತಾಪ ಏರುತ್ತಿರುವ ಈ ಕಾಲದಲ್ಲಿ ಇಂದಿನ ಹಿತವಾದ ಹವೆ ಮುಂದಿನ ತಲೆಮಾರಿಗೂ ಹಾಗೆಯೇ ಉಳಿಯುವುದೆಂಬ ಭರವಸೆಯಿಲ್ಲ.

ಆದುದರಿಂದ ದೊಡ್ಡ ಕಾನೂನೊಂದನ್ನು ನಾವು ಕೇಳುತ್ತಿಲ್ಲ. ವಿನ್ಯಾಸದ ಮಂಜೂರಾತಿಗೆ ಬರುವ ಪ್ರತಿಯೊಂದು ಅರ್ಜಿಯೊಡನೆ ಇನ್ನೊಂದು ಹಾಳೆ ಇರಲಿ: ಡಿಸೆಂಬರ್, ಮಾರ್ಚ್, ಏಪ್ರಿಲ್ ತಿಂಗಳುಗಳಲ್ಲಿ ಸೂರ್ಯನ ದಾರಿ, ಪಶ್ಚಿಮಕ್ಕೆ ತೆರೆಯುವ ನಿವೇಶನಗಳ ಸಂಖ್ಯೆ, ಎತ್ತರದ ಮನೆಯ ನೆರಳು, ಮಳೆಯ ನೀರಿನ ದಾರಿ. ಈ ನಾಲ್ಕನ್ನು ಬರೆಯಬೇಕಾಗಿ ಬಂದ ನಕ್ಷೆಗಾರನು ಗೆರೆ ಎಳೆಯುವ ಮೊದಲು ಒಮ್ಮೆ ಆಕಾಶವನ್ನು ನೋಡುತ್ತಾನೆ. ರಸ್ತೆ ಒಮ್ಮೆ ಬಿದ್ದರೆ ಶತಮಾನಗಳವರೆಗೆ ಬದಲಾಗದು; ಮನೆಗಳನ್ನು ಕೆಡವಿ ಮತ್ತೆ ಕಟ್ಟಿದರೂ ಬೀದಿಯ ದಿಕ್ಕು ಹಾಗೆಯೇ ಉಳಿಯುತ್ತದೆ. ಬಸ್ತಿಹಳ್ಳಿಯ ಹೊಲಗಳಲ್ಲಿ ಆ ಗೆರೆಗಳು ಬೀಳುವ ಮುನ್ನವೇ ಸಂಬಂಧಪಟ್ಟವರು ಈ ವಿಷಯಕ್ಕೆ ಗಮನ ಕೊಡುವುದು ಉಚಿತವೆಂದು ನಾವು ಭಾವಿಸುತ್ತೇವೆ.